ವಾಲ್ವ್ ಹಾಕ್ಸಿದ್ಮೇಲೆ ಎಕೋ ಏನ್ ಹೇಳುತ್ತೆ? ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಹಾರ್ಟ್ ವಾಲ್ವಿನ ವಿಷ್ಯನೇ, ಅದೂ ಮಂಡ್ಯ ಮೈಸೂರು ಸುತ್ತಮುತ್ತಲಿಂದ. ಎಕೋ (ಶಬ್ದದ ಅಲೆಯಿಂದ ಮಾಡೋ ಹಾರ್ಟಿನ ಸ್ಕ್ಯಾನ್) ರಿಪೋರ್ಟಿನ ಫೋಟೋ ತೆಗ್ದು "ಇದ್ರಲ್ಲಿ ಏನ್ ಬರ್ದವ್ರೆ ಸಾರ್" ಅಂತ ಕಳ್ಸಿದ್ದಾರೆ, ಅರ್ಧ ಫೋಟೋ ನೆರಳು ಬಿದ್ದು ಕಾಣೋದೇ ಇಲ್ಲ. ಹೆಸರು ಹಾಕ್ಬೇಡಿ ಅಂತ ತುಂಬಾ ಜನ ಕೇಳಿರೋದ್ರಿಂದ ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ಸಾರ್, ನಮ್ಮವ್ವಂಗೆ ನಾಲ್ಕು ವರ್ಷದ ಕೆಳಗೆ ಮೈಟ್ರಲ್ ವಾಲ್ವ್ (ಹಾರ್ಟಿನ ಎಡಗಡೆ ಮೇಲ್ಕೋಣೆ ಕೆಳಕೋಣೆ ನಡುವಿನ ಬಾಗಿಲು) ತೆಗ್ದು ಮೆಟಲ್ ವಾಲ್ವ್ ಹಾಕವ್ರೆ. ರಕ್ತ ಹೆಪ್ಪುಗಟ್ಟದಂಗೆ ಅಸಿಟ್ರೋಮ್ ಮಾತ್ರೆ ದಿನಾ ತಗೊಳೋರು, ಹಬ್ಬಕ್ಕೆ ಮನೆ ತುಂಬ ನೆಂಟ್ರು ಬಂದಿದ್ರು, ಆ ಗಲಾಟೇಲಿ ಒಂದ್ ವಾರ ಬುಟ್ಟೋಗಿತ್ತಂತೆ, ನಮ್ಗೂ ಹೇಳ್ಲಿಲ್ಲ. ಆಮೇಲೆ ಏದುಸ್ರು ಶುರುವಾಯ್ತು, ರಾತ್ರಿ ಮಲಗಕ್ಕಾಗ್ದೆ ಎದ್ದು ಕೂತ್ಕೊಳೋರು. ಆಸ್ಪತ್ರೆಗೆ ಕರ್ಕೊಂಡೋದ್ರೆ ಮೊದ್ಲು ಎದೆ ಮೇಲೆ ಎಕೋ, ಆಮೇಲೆ ಗಂಟ್ಲಿಂದ ಪೈಪ್ ಬುಟ್ಟು ಇನ್ನೊಂದ್ ಎಕೋ, ಅದೂ ಸಾಲ್ದು ಅಂತ ಕ್ಯಾತ್‌ಲ್ಯಾಬಲ್ಲಿ ಮಲಗ್ಸಿ ಎಕ್ಸ್‌ರೇ ವಿಡಿಯೋ. ಕೊನೆಗೆ ಹೆಪ್ಪು ಕರಗೋ ಇಂಜೆಕ್ಷನ್ ಕೊಟ್ರು, ಈಗ ಉಷಾರಾಗವ್ರೆ. ನಮ್ಮ ಮಾವ ಮಾತ್ರ ಒಂದೇ ಎಕೋಲಿ ಗೊತ್ತಾಯ್ತಿತ್ತು, ಮಿಕ್ಕಿದ್ದೆಲ್ಲ ಬಿಲ್ ಏರ್ಸಕ್ಕೆ ಅಂತವ್ರೆ. ನಿಜವಾ? (ನಾಗಮಂಗಲ)

ಉತ್ತರ: ನಿಮ್ಮ ಮಾವನವರ ಸಿಟ್ಟು ಅರ್ಥ ಆಗುತ್ತೆ, ಆಸ್ಪತ್ರೆ ಬಿಲ್ ನೋಡಿ ಖುಷಿ ಪಟ್ಟೋರು ಯಾರೂ ಇಲ್ಲ. ಆದ್ರೆ ಈ ಕೇಸಲ್ಲಿ ಮೂರೂ ಬೇಕಿತ್ತು ಕಣ್ರೀ.

ಎದೆ ಮೇಲೆ ಜೆಲ್ ಹಚ್ಚಿ ಮಾಡೋ ಎಕೋಲಿ ಮೊದ್ಲು ಸಿಗೋದು ಗ್ರೇಡಿಯಂಟ್, ಅಂದ್ರೆ ವಾಲ್ವಿನ ಆ ಕಡೆಗೂ ಈ ಕಡೆಗೂ ಒತ್ತಡ ಎಷ್ಟು ವ್ಯತ್ಯಾಸ ಇದೆ ಅನ್ನೋ ಲೆಕ್ಕ. ರಕ್ತ ಎಷ್ಟು ಸ್ಪೀಡಲ್ಲಿ ನುಗ್ತಿದೆ ಅಂತ ಎಕೋದ ಡಾಪ್ಲರ್ ಅನ್ನೋ ಭಾಗ ಅಳೆಯುತ್ತೆ, ದಾರಿ ಕಿರಿದಾದಷ್ಟೂ ಸ್ಪೀಡ್ ಜಾಸ್ತಿ, ಆ ಸ್ಪೀಡನ್ನ ಅದರಿಂದ್ಲೇ ಗುಣಿಸಿ ಮತ್ತೆ 4ರಿಂದ ಗುಣಿಸಿದ್ರೆ ಒತ್ತಡ ಬರುತ್ತೆ. ಮಷೀನೇ ಲೆಕ್ಕ ಹಾಕ್ಕೊಳುತ್ತೆ ಬಿಡಿ. ಮೈಟ್ರಲ್ ಜಾಗದಲ್ಲಿ ಕೂತಿರೋ ವಾಲ್ವ್ ಚೆನ್ನಾಗಿ ಕೆಲ್ಸ ಮಾಡ್ತಿದ್ರೆ ಸರಾಸರಿ ಗ್ರೇಡಿಯಂಟ್ ಸಾಮಾನ್ಯವಾಗಿ 5 ಎಂಎಂ (ಬಿಪಿ ಅಳೆಯೋ ಪಾದರಸದ ಅಳತೆಯೇ) ಒಳಗೇ ಇರುತ್ತೆ, 10 ದಾಟ್ತು ಅಂದ್ರೆ ಒಳಗೆ ಏನೋ ಅಡ್ಡ ಬಂದಿದೆ ಅಂತ ಗಟ್ಟಿ ಅನುಮಾನ. ನಿಮ್ಮವ್ವನ ರಿಪೋರ್ಟಲ್ಲಿ 14 ಇದೆ, ಆಪರೇಶನ್ ಆದ ಹೊಸದರಲ್ಲಿ ಮಾಡಿದ್ದರಲ್ಲಿ 4 ಇತ್ತು. ಇಲ್ಲಿಗೆ ವಾಲ್ವ್ ಸರಿಯಾಗಿ ತೆರ್ಕೊಳ್ತಿಲ್ಲ ಅಂತ ಗೊತ್ತಾಯ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ.

ಯಾಕೆ ಅಂತ ನೋಡೋಣ ಅಂದ್ರೆ ಎದೆ ಮೇಲಿಂದ ಕಾಣಲ್ಲ. ಎಕೋ ಅಂದ್ರೆ ಶಬ್ದದ ಅಲೆ, ಕಿವಿಗೆ ಕೇಳದೇ ಇರೋ ಅಷ್ಟು ಹೆಚ್ಚಿನ ಫ್ರೀಕ್ವೆನ್ಸಿದು, ಅದು ಮೆಟಲ್ ವಾಲ್ವಿಗೆ ಬಡಿದು ಅಲ್ಲೇ ವಾಪಸ್ ಬಂದ್ಬಿಡುತ್ತೆ, ಅದರ ಹಿಂದೆ ಇರೋದೆಲ್ಲ ಸ್ಕ್ರೀನಲ್ಲಿ ಕಪ್ಪು ನೆರಳು. ಮೈಟ್ರಲ್ ವಾಲ್ವಿನ ಹಿಂದೆ ಇರೋದು ಎಡ ಮೇಲ್ಕೋಣೆ, ಹೆಪ್ಪು ಕೂರೋ ಜಾಗ, ಲೀಕ್ ಬಂದ್ರೂ ಅಲ್ಲಿಗೇ ಬರ್ಬೇಕು. ಮುಖ್ಯವಾದ್ದೇ ನೆರಳಲ್ಲಿ ಕೂತಿರುತ್ತೆ. ಅನ್ನನಾಳ ಆ ಮೇಲ್ಕೋಣೆ ಬೆನ್ನಿಗೆ ಅಂಟಿಕೊಂಡೇ ಹೋಗೋದ್ರಿಂದ ಗಂಟಲಿಂದ ಪ್ರೋಬ್ ಇಳಿಸಿದ್ರೆ ಹಿಂದಿನಿಂದ ನೋಡ್ಬಹುದು, ನೆರಳು ಆಗ ಆ ಕಡೆಗೆ ಬೀಳುತ್ತೆ. ಅದೇ ಟಿಇಇ. ಇನ್ನು ಕ್ಯಾತ್‌ಲ್ಯಾಬಿನ ಎಕ್ಸ್‌ರೇ ವಿಡಿಯೋದಲ್ಲಿ ವಾಲ್ವಿನ ಎಲೆಗಳು ಎಷ್ಟು ಕೋನಕ್ಕೆ ತೆರ್ಕೊಳ್ತಿವೆ, ಎರಡ್ರಲ್ಲಿ ಒಂದು ಸಿಕ್ಕಾಕ್ಕೊಂಡಿದ್ಯಾ ಅನ್ನೋದು ನೇರವಾಗಿ ಕಾಣುತ್ತೆ, ಸೂಜಿ ಚುಚ್ಚೋದಿಲ್ಲ, ಡೈ ಬಿಡೋದಿಲ್ಲ, ಕೆಲವೇ ನಿಮಿಷದ ಕೆಲ್ಸ.

ಇಷ್ಟೆಲ್ಲ ಯಾಕೆ ಅಂದ್ರೆ ವಾಲ್ವಿಗೆ ಅಡ್ಡ ಬರೋದು ಎರಡು ಥರ. ಒಂದು ರಕ್ತದ ಹೆಪ್ಪು, ಮಾತ್ರೆ ಬಿಟ್ಟಾಗ ದಿನಗಳಲ್ಲೇ ಕಟ್ಕೊಳುತ್ತೆ, ಟಿಇಇಲಿ ಮೆತ್ತಗೆ, ಅಲ್ಲಾಡೋ ಗಡ್ಡೆ ಥರ ಕಾಣ್ಬಹುದು. ಇನ್ನೊಂದು ಪ್ಯಾನಸ್, ನಮ್ಮ ದೇಹವೇ ವಾಲ್ವಿನ ಅಂಚಿಂದ ವರ್ಷಗಟ್ಲೆ ನಿಧಾನಕ್ಕೆ ಬೆಳೆಸೋ ಗಟ್ಟಿ ನಾರು. ಹೆಪ್ಪು ಇಂಜೆಕ್ಷನ್‌ಗೆ ಕರಗುತ್ತೆ, ಪ್ಯಾನಸ್ ಕರಗಲ್ಲ, ಅದಕ್ಕೆ ಆಪರೇಶನ್ನೇ. ಮತ್ತೆ ಆ ಇಂಜೆಕ್ಷನ್ ಸುಮ್ನೆ ಕೊಟ್ ನೋಡೋಣ ಅನ್ನೋಂಥದ್ದಲ್ಲ, ಮೆದುಳಲ್ಲಿ ರಕ್ತಸ್ರಾವ ಆಗ್ಬಹುದು, ಹೆಪ್ಪಿನ ಚೂರು ಹಾರಿ ಲಕ್ವ ಹೊಡೀಬಹುದು, ಹೆಪ್ಪು ತುಂಬಾ ದೊಡ್ಡದಾಗಿದ್ರೆ ನೇರ ಆಪರೇಶನ್ನೇ ಒಳ್ಳೇದು ಅಂತ ತೀರ್ಮಾನ ಮಾಡೋದೂ ಉಂಟು. ಹೆಪ್ಪಿನ ಸೈಜ್ ಅಳೆಯೋದು ಟಿಇಇಲೇ. ನಿಮ್ಮವ್ವಂಗೆ ಇಂಜೆಕ್ಷನ್ ಕೊಟ್ಮೇಲೆ ಮತ್ತೆ ಎದೆ ಮೇಲೆ ಎಕೋ ಮಾಡಿರ್ತಾರೆ, ಗ್ರೇಡಿಯಂಟ್ ಇಳೀತಾ ಅಂತ ನೋಡಕ್ಕೆ. ಮಾವನವರಿಗೆ ಅದನ್ನೂ ಹೇಳಿ, ಇಲ್ಲಾಂದ್ರೆ ನಾಲ್ಕನೇದು ಯಾಕೆ ಅಂತಾರೆ.

ಮುಂದಕ್ಕೆ ಐಎನ್‌ಆರ್ ನೋಡ್ಕೊಳ್ಳಿ, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ತಗೊಳುತ್ತೆ ಅಂತ ಹೇಳೋ ರಕ್ತಪರೀಕ್ಷೆ. ಮೈಟ್ರಲ್ ಜಾಗದ ಮೆಟಲ್ ವಾಲ್ವಿಗೆ ಸಾಮಾನ್ಯವಾಗಿ 2.5ರಿಂದ 3.5 ಒಳಗೆ ಇರ್ಬೇಕು. ಸೊಪ್ಪು ತಿನ್ಬೇಡಿ ಅಂತ ಯಾರೋ ಹೇಳಿರ್ತಾರೆ, ಮಂಡ್ಯ ಕಡೆ ಮನೇಲಿ ಬಸ್ಸಾರು ಮಸ್ಸೊಪ್ಪು ಬಿಡಿ ಅಂದ್ರೆ ಊಟನೇ ಬಿಡಿ ಅಂದಂಗೆ. ತಿನ್ನಲಿ, ವಾರವಾರ ಹೆಚ್ಚುಕಮ್ಮಿ ಒಂದೇ ಅಳತೇಲಿ ತಿನ್ನಲಿ, ಒಂದ್ ವಾರ ದಿನಾ ನುಗ್ಗೆಸೊಪ್ಪು, ಮುಂದಿನ ವಾರ ಏನೂ ಇಲ್ಲ ಅಂತ ಆದ್ರೆ ಐಎನ್‌ಆರ್ ಕುಣಿಯುತ್ತೆ. ಇನ್ನೊಂದು, ಮೆಟಲ್ ವಾಲ್ವ್ ಇರೋರ ಪಕ್ಕ ರಾತ್ರಿ ಮಲಗಿದ್ರೆ ಟಿಕ್ ಟಿಕ್ ಅಂತ ಸಣ್ಣ ಸದ್ದು ಕೇಳುತ್ತೆ. ಆ ಸದ್ದು ಮಂಕಾದ್ರೆ ಅಥವಾ ಕೇಳದೇ ಹೋದ್ರೆ ಅದೂ ಒಂದು ಸೂಚನೆ, ಏದುಸಿರು ಬರೋ ತನಕ ಕಾಯ್ಬೇಡಿ, ಅದೇ ದಿನ ಹೋಗಿ.

ಪ್ರಶ್ನೆ: ಡಾಕ್ಟ್ರೇ, ನನ್ ತಂಗಿಗೆ ಮೈಟ್ರಲ್ ವಾಲ್ವ್ ಸುರುಟ್ಕೊಂಡಿತ್ತು, ಏಳು ತಿಂಗಳ ಹಿಂದೆ ಬಲೂನ್ ಹಾಕ್ಸಿದ್ವಿ. ಮಾರನೇ ದಿನದ ಎಕೋಲಿ ವಾಲ್ವ್ ಏರಿಯಾ 1.7, ಮೈಲ್ಡ್ ಎಂಆರ್ (ಮೈಟ್ರಲ್ ವಾಲ್ವಲ್ಲಿ ಸಣ್ಣ ಲೀಕ್), ಸ್ಮಾಲ್ ಎಎಸ್‌ಡಿ ಅಂತ ಬರ್ದವ್ರೆ. ಮದ್ವೆ ಮಾತುಕತೆ ನಡೀತಾ ಅದೆ, ಗಂಡಿನ ಕಡೆಯವ್ರು ನೆಟ್ಟಲ್ಲಿ ನೋಡಿ ಎಎಸ್‌ಡಿ ಅಂದ್ರೆ ಹಾರ್ಟಲ್ಲಿ ತೂತು, ನೀವು ಮುಚ್ಚಿಟ್ರಿ ಅಂತವ್ರೆ. ಮುಂಚೆ ಇಲ್ದಿದ್ ತೂತು ಎಲ್ಲಿಂದ ಬಂತು? (ಪಾಂಡವಪುರ)

ಉತ್ತರ: ಡಾಕ್ಟ್ರು ಮಾಡಿದ ತೂತು ಅದು, ಬೇಕಂತಲೇ ಮಾಡಿದ್ದು. ತೊಡೆಯ ಸಿರೆಯಿಂದ (ವೇನ್) ತಂತಿ ಏರಿಸಿದ್ರೆ ಅದು ಹಾರ್ಟಿನ ಬಲ ಭಾಗಕ್ಕೆ ಹೋಗುತ್ತೆ, ಮೈಟ್ರಲ್ ವಾಲ್ವ್ ಇರೋದು ಎಡಗಡೆ, ಮಧ್ಯದ ಗೋಡೆ ದಾಟದೇ ಬೇರೆ ದಾರಿ ಇಲ್ಲ, ಹಂಗಾಗಿ ಸೂಜಿಲಿ ಚುಚ್ಚಿ ಅಲ್ಲಿಂದ ಬಲೂನ್ ನುಗ್ಗಿಸ್ತಾರೆ. ಜಪಾನಿನ ಸರ್ಜನ್ ಕಾಂಜಿ ಇನೋಯೆ 1980ರ ದಶಕದ ಶುರುವಲ್ಲಿ ಈ ಬಲೂನ್ ತಂದ್ರು, ಈಗ್ಲೂ ಅವರ ಹೆಸರಿನ ಬಲೂನೇ ಹೆಚ್ಚು ಓಡೋದು. ಆ ಸಣ್ಣ ತೂತು ಬಹಳಷ್ಟು ಜನಕ್ಕೆ ಕೆಲವು ತಿಂಗಳಲ್ಲಿ ತಾನೇ ಮುಚ್ಕೊಳುತ್ತೆ. ಈಗ ಏಳು ತಿಂಗಳಾಗಿದೆ, ಇನ್ನೊಂದು ಎಕೋ ಮಾಡ್ಸಿ, ಮುಚ್ಚಿರೋ ಚಾನ್ಸೇ ಜಾಸ್ತಿ, ಸಣ್ಣಕ್ಕೆ ಉಳಿದಿದ್ರೂ ಸಾಮಾನ್ಯವಾಗಿ ತೊಂದ್ರೆ ಕೊಡಲ್ಲ.

ಬಲೂನ್ ಆದ್ಮೇಲೆ ಎಕೋ ಮಾಡೋದು ಮುಖ್ಯವಾಗಿ ಬೇರೆ ಎರಡು ವಿಷ್ಯಕ್ಕೆ. ಬಲೂನ್ ಊದಿದಾಗ ಅಂಟಿದ್ದ ವಾಲ್ವಿನ ಎಲೆಗಳು ಅಂಚಲ್ಲಿ ಬಿಡಿಸ್ಕೊಳ್ಬೇಕು, ಅದರ ಬದ್ಲು ಎಲೆಯೇ ಹರಿದ್ರೆ ರಕ್ತ ಜೋರಾಗಿ ಹಿಂದಕ್ಕೆ ಹೊಡಿಯುತ್ತೆ, ಅದು ಸಿವಿಯರ್ ಆದ್ರೆ ಕೆಲವರಿಗೆ ತಕ್ಷಣವೇ ಆಪರೇಶನ್ ಬೇಕಾಗುತ್ತೆ. ಇನ್ನೊಂದು, ಸೂಜಿ ಗೋಡೆ ಬಿಟ್ಟು ಪಕ್ಕಕ್ಕೆ ಹೋದ್ರೆ ಹಾರ್ಟಿನ ಸುತ್ತ ಇರೋ ಚೀಲದಲ್ಲಿ ರಕ್ತ ತುಂಬಿ ಬಿಪಿ ಕುಸಿಯುತ್ತೆ. ಟೇಬಲ್ ಮೇಲೆ ಇರುವಾಗ್ಲೇ ಎಕೋ ಪ್ರೋಬ್ ಇಟ್ರೆ ಕ್ಷಣದಲ್ಲಿ ಕಾಣುತ್ತೆ, ಸೂಜಿ ಹಾಕಿ ಆ ರಕ್ತ ಹೊರಗೆ ತೆಗಿತಾರೆ, ಜೀವ ಉಳಿಯುತ್ತೆ. ನಿಮ್ಮ ತಂಗಿಗೆ ಎರಡೂ ಆಗಿಲ್ಲ. ವಾಲ್ವ್ ಏರಿಯಾ ನಾರ್ಮಲ್ ಆಗಿ 4ರಿಂದ 6 ಚದರ ಸೆಂಟಿಮೀಟರ್, ಬಲೂನಿಂದ ಅಷ್ಟಕ್ಕೆ ಹೋಗಲ್ಲ, 1.5 ದಾಟಿ ಲೀಕ್ ಜಾಸ್ತಿ ಆಗಿಲ್ಲ ಅಂದ್ರೆ ಕೆಲ್ಸ ಚೆನ್ನಾಗಿ ಆಯ್ತು ಅಂತಲೇ ಲೆಕ್ಕ, ಇವ್ರದ್ದು 1.7.

ಮದ್ವೆ ಆಗ್ಲಿ, ಯಾರ ಅಭ್ಯಂತರ. ಮಕ್ಕಳ ಯೋಚನೆ ಮಾಡೋ ಮುಂಚೆ ಮಾತ್ರ ಒಂದ್ಸಲ ಕಾರ್ಡಿಯಾಲಜಿಸ್ಟ್ ಹತ್ರ ಹೋಗ್ಬೇಕು, ಯಾಕಂದ್ರೆ ಬಸುರಿಯಲ್ಲಿ ಮೈಯ ರಕ್ತದ ಪ್ರಮಾಣ ಸುಮಾರು 40ರಿಂದ 50 ಪರ್ಸೆಂಟ್ ಏರುತ್ತೆ, ಹಾರ್ಟ್ ರೇಟೂ ಏರುತ್ತೆ, ವಾಲ್ವ್ ಅಷ್ಟೇ ಇದ್ರೂ ಗ್ರೇಡಿಯಂಟ್ ಮೇಲಕ್ಕೆ ಹೋಗುತ್ತೆ. ಅದನ್ನ ನೋಡಿ ವಾಲ್ವ್ ಮತ್ತೆ ಮುಚ್ತು ಅಂತ ಗಾಬರಿ ಬೀಳ್ಬಾರದು, ಏರಿಯಾ ಎಷ್ಟಿದೆ ಅಂತ ಕೇಳ್ಬೇಕು. ರುಮ್ಯಾಟಿಕ್ ಜ್ವರದಿಂದ ಕೆಟ್ಟ ವಾಲ್ವ್ ಆಗಿದ್ರೆ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಬಲೂನ್ ಆದ್ಮೇಲೂ ಮುಂದುವರೀಬೇಕು, ಬಲೂನ್ ಆಯ್ತಲ್ಲ ಇನ್ಯಾಕೆ ಅಂತ ಬಿಡೋರೇ ಜಾಸ್ತಿ. ಗಂಡಿನ ಕಡೆಯವರಿಗೆ ಈ ಪುಟ ತೋರಿಸಿ, ಅಷ್ಟಕ್ಕೂ ಒಪ್ಪಲ್ಲ ಅಂದ್ರೆ ಬೇರೆ ಸಂಬಂಧ ನೋಡಿ ಅನ್ನೋದು ನನ್ನ ಸ್ವಂತ ಅಭಿಪ್ರಾಯ.

ಪ್ರಶ್ನೆ: ನಮ್ಮ ತಂದೆಯವರಿಗೆ 78 ವರ್ಷ. ಎದೆ ಕೊಯ್ಯದೆ ತೊಡೆಯಿಂದ್ಲೇ ಅಯೋರ್ಟಿಕ್ ವಾಲ್ವ್ (ಹಾರ್ಟಿಂದ ಮೈಗೆ ರಕ್ತ ಹೋಗೋ ಬಾಗಿಲು) ಹಾಕಿದ್ರು, ಟಾವಿ ಅಂತಾರಲ್ಲ ಅದು. ಡಿಸ್ಚಾರ್ಜ್ ಎಕೋದಲ್ಲಿ "ಮೈಲ್ಡ್ ಪ್ಯಾರಾವಾಲ್ವುಲರ್ ಲೀಕ್" ಅಂತ ಇದೆ. ಅಷ್ಟು ಲಕ್ಷ ಖರ್ಚು ಮಾಡಿ ಹೊಸ ವಾಲ್ವೇ ಸೋರಿದ್ರೆ ಹೇಗೆ ಸರ್? (ಸರಸ್ವತಿಪುರಂ, ಮೈಸೂರು)

ಉತ್ತರ: ವಾಲ್ವ್ ಸೋರ್ತಿಲ್ಲ, ವಾಲ್ವಿನ ಪಕ್ಕ ಸೋರ್ತಿದೆ. ನಾಲೆಗೆ ಹೊಸ ತೂಬು ಕೂರಿಸಿದಾಗ ಬಾಗಿಲು ಬಿಗಿಯಾಗೇ ಮುಚ್ಚುತ್ತೆ, ಚೌಕಟ್ಟಿಗೂ ಕಲ್ಲುಕಟ್ಟಡಕ್ಕೂ ಮಧ್ಯೆ ಸಂದಿ ಉಳಿದಿದ್ರೆ ಅಲ್ಲಿಂದ ನೀರು ಜಿನುಗುತ್ತಲ್ಲ, ಹಂಗೆ. ಆಪರೇಶನ್ನಲ್ಲಿ ಸರ್ಜನ್ ಹಳೇ ವಾಲ್ವನ್ನ ಕತ್ತರಿಸಿ ತೆಗ್ದು ಹೊಸದನ್ನ ಹೊಲೀತಾರೆ, ಟಾವಿಲಿ ಹಳೇದನ್ನ ತೆಗೆಯಲ್ಲ, ಸುಣ್ಣಗಟ್ಟಿದ ಆ ಎಲೆಗಳನ್ನೇ ಪಕ್ಕಕ್ಕೆ ಒತ್ತಿ ಒಳಗಡೆ ಹೊಸದು ಅರಳುತ್ತೆ, ಸುಣ್ಣದ ಗಂಟು ಉಬ್ಬಿಕೊಂಡಿರೋ ಕಡೆ ಸಂದಿ ಉಳ್ಕೊಳ್ಬಹುದು. 2002ರಲ್ಲಿ ಫ್ರಾನ್ಸಿನ ಅಲೈನ್ ಕ್ರಿಬಿಯೇ ಮೊದಲನೇ ಟಾವಿ ಮಾಡಿದಾಗಿಂದ ಕಾಡಿದ ಸಮಸ್ಯೆ ಇದು, ಈಚೆಗೆ ವಾಲ್ವಿನ ಹೊರಗಡೆಗೆ ಬಟ್ಟೆಯಂಥ ಪಟ್ಟಿ ಸುತ್ತಿ ಬರೋದ್ರಿಂದ ಎಷ್ಟೋ ಕಮ್ಮಿಯಾಗಿದೆ.

ಎಕೋಲಿ ವಾಲ್ವಿನ ಸುತ್ತಳತೆಯಲ್ಲಿ ಎಷ್ಟು ಭಾಗದಿಂದ ಸೋರ್ತಿದೆ ಅಂತ ನೋಡ್ತಾರೆ, 10 ಪರ್ಸೆಂಟಿಗಿಂತ ಕಮ್ಮಿ ಇದ್ರೆ ಮೈಲ್ಡ್, 30 ಅಥವಾ ಮೇಲೆ ಇದ್ರೆ ಸಿವಿಯರ್, ನಡುವಿನದು ಮಾಡರೇಟ್. ಇದೊಂದ್ರಿಂದ್ಲೇ ಅಳೆಯಲ್ಲ, ಒಂದೇ ಕಡೆ ದಪ್ಪಗೆ ಸೋರೋದೂ ಮೂರು ಕಡೆ ಸಣ್ಣಗೆ ಸೋರೋದೂ ಒಂದೇ ಅಲ್ವಲ್ಲ, ಬೇರೆ ಅಳತೆಗಳನ್ನೂ ಸೇರಿಸಿ ಹೇಳ್ತಾರೆ. ತಂದೆಯವರ ಮೈಲ್ಡಿಗೆ ಈಗ ಏನೂ ಮಾಡೋದಿಲ್ಲ, ಸುಮಾರು ಒಂದು ತಿಂಗಳಿಗೆ ಒಂದು ಎಕೋ, ಆಮೇಲೆ ವರ್ಷಕ್ಕೊಂದು. ಮಧ್ಯೆ ಮೂತ್ರ ಕಪ್ಪು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ, ಕಣ್ಣು ಹಳದಿಯಾಗಿ ಸುಸ್ತು ಹೆಚ್ಚಾದ್ರೆ ಹೋಗಿ, ಸಣ್ಣ ಸಂದಿಯಲ್ಲಿ ರಕ್ತ ಜೋರಾಗಿ ನುಗ್ಗುವಾಗ ಕೆಂಪು ರಕ್ತಕಣಗಳು ಒಡೆದು ಹಂಗಾಗುತ್ತೆ. ತಲೆ ತಿರುಗಿ ಬಿದ್ರೆ ಎಕೋಗಿಂತ ಮೊದ್ಲು ಇಸಿಜಿ ಆಗ್ಲಿ, ಟಾವಿ ಆದ್ಮೇಲೆ ಹಾರ್ಟಿನ ಕರೆಂಟ್ ದಾರಿ ಕೆಟ್ಟು ಪೇಸ್‌ಮೇಕರ್ ಬೇಕಾಗೋರೂ ಇದ್ದಾರೆ, ಅದು ಎಕೋಲಿ ಕಾಣೋ ವಿಷ್ಯ ಅಲ್ಲ.

ಪ್ರಶ್ನೆ: ನನ್ಗೆ ಅಯೋರ್ಟಿಕ್ ಜಾಗದಲ್ಲಿ ಟಿಶ್ಯೂ ವಾಲ್ವ್ (ಪ್ರಾಣಿ ಅಂಗಾಂಶದ್ದು) ಹಾಕಿ ಎರಡು ವರ್ಷ. ಮಂಡ್ಯದಲ್ಲಿ ಎಕೋ ಮಾಡ್ಸಿದ್ರೆ ಗ್ರೇಡಿಯಂಟ್ 18, ಹದಿನೈದ್ ದಿನ ಬಿಟ್ಟು ಮೈಸೂರಲ್ಲಿ ಮಾಡ್ಸಿದ್ರೆ 26. ಯಾವ್ ಮಷೀನ್ ಸರಿ? (ಕೆ.ಆರ್. ಪೇಟೆ)

ಉತ್ತರ: ಎರಡೂ ಸರಿ ಇರ್ಬಹುದು. ಗ್ರೇಡಿಯಂಟ್ ಅನ್ನೋದು ಆ ಕ್ಷಣಕ್ಕೆ ರಕ್ತ ಎಷ್ಟು ಹರೀತಿದೆ ಅನ್ನೋದರ ಮೇಲೆ ಏರಿಳಿಯುತ್ತೆ. ಜ್ವರ ಇತ್ತಾ, ರಕ್ತ ಕಮ್ಮಿ ಇದ್ಯಾ, ಬಸ್ಸಿಂದ ಇಳಿದು ಓಡೋಡಿ ಹೋಗಿ ಮಲಗಿದ್ರಾ, ಥೈರಾಯ್ಡ್ ಇದ್ಯಾ, ಎಲ್ಲಾದ್ರಿಂದ್ಲೂ ಏರುತ್ತೆ. ಪ್ರೋಬ್ ರಕ್ತ ಬರೋ ದಿಕ್ಕಿಗೆ ನೇರ ಇಲ್ದೆ ಓರೆ ಹಿಡಿದ್ರೆ ಇರೋದಕ್ಕಿಂತ ಕಮ್ಮಿ ತೋರ್ಸುತ್ತೆ, ಹಂಗಾಗಿ ಎದೆಯ ಬಲಗಡೆಯಿಂದ್ಲೂ ಒಂದ್ಸಲ ನೋಡೋ ಟೆಕ್ನೀಷಿಯನ್ ಸಿಕ್ರೆ ನಿಮ್ಮ ಪುಣ್ಯ. ಇದಕ್ಕೇ ರಿಪೋರ್ಟಲ್ಲಿ ಡಿವಿಐ ಅಂತ ಇನ್ನೊಂದು ಅಂಕಿ ಹಾಕಿರ್ತಾರೆ, ವಾಲ್ವಿಗೆ ಮುಂಚೆ ಇರೋ ಸ್ಪೀಡನ್ನ ವಾಲ್ವೊಳಗಿನ ಸ್ಪೀಡಿಂದ ಭಾಗಿಸೋದು, ಹರಿವು ಹೆಚ್ಚುಕಮ್ಮಿ ಆದ್ರೆ ಎರಡೂ ಒಟ್ಟಿಗೇ ಏರಿಳಿಯೋದ್ರಿಂದ ಇದು ಅಷ್ಟಾಗಿ ಅಲ್ಲಾಡಲ್ಲ. ಅಯೋರ್ಟಿಕ್ ವಾಲ್ವಿಗೆ 0.30 ಅಥವಾ ಮೇಲಿದ್ರೆ ನೆಮ್ಮದಿ, 0.25ಕ್ಕಿಂತ ಕೆಳಗೆ ಬಂದ್ರೆ ಕಿರಿದಾಗಿದೆ ಅಂತ ಅನುಮಾನ.

ನಿಮ್ಮ ಎರಡು ರಿಪೋರ್ಟಿಗಿಂತ ಮುಖ್ಯವಾದ್ದು ನೀವು ಕಳ್ಸದೇ ಇರೋ ಮೂರನೇದು, ಆಪರೇಶನ್ ಆಗಿ ಒಂದರಿಂದ ಮೂರು ತಿಂಗಳೊಳಗೆ ಮಾಡಿರೋ ಎಕೋ. ವಾಲ್ವ್ ಯಾವ್ದು, ಸೈಜ್ ಎಷ್ಟು ಅನ್ನೋದರ ಮೇಲೆ ನಾರ್ಮಲ್ಲೇ ಬೇರೆ ಬೇರೆ. ದಪ್ಪ ಮೈಯೋರಿಗೆ ಸಣ್ಣ ಸೈಜ್ ವಾಲ್ವ್ ಕೂತಿದ್ರೆ ಮೊದಲ ದಿನದಿಂದ್ಲೇ 25 ಇರ್ಬಹುದು, ಅದು ಹೊಸ ಕಾಯಿಲೆ ಅಲ್ಲ. ಆಗ 10 ಇದ್ದದ್ದು ಈಗ 26 ಆಗಿದ್ರೆ ಕತೆ ಬೇರೆ, 10 ಅಂಕಿ ಅಥವಾ ಜಾಸ್ತಿ ಏರಿ 20 ದಾಟಿದ್ರೆ ವಾಲ್ವಿನ ಎಲೆ ದಪ್ಪ ಆಗಿದ್ಯಾ, ಹೆಪ್ಪು ಕೂತಿದ್ಯಾ ಅಂತ ಹುಡುಕ್ಲೇಬೇಕು. ಮೆಟಲ್ ವಾಲ್ವಿನೋರಿಗೂ ಇದೇ ಮಾತು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯೋರು ಮಾಡಿದ, 1990ರಲ್ಲಿ ಮೊದಲ ಸಲ ಮನುಷ್ಯರಿಗೆ ಹಾಕಿದ ಚಿತ್ರಾ ವಾಲ್ವಲ್ಲಿ ಒಂದೇ ತಟ್ಟೆ ಓರೆಯಾಗಿ ತೆರ್ಕೊಳುತ್ತೆ, ಬೇರೆ ಎಷ್ಟೋ ವಾಲ್ವಲ್ಲಿ ಎರಡು ಎಲೆ. ಎರಡು ಎಲೆಯ ವಾಲ್ವಲ್ಲಿ ಹೆಪ್ಪು ಕೂರದಂಗೆ ತೊಳೀತಾ ಇರ್ಲಿ ಅಂತ ಸಣ್ಣ ಲೀಕ್ ಬೇಕಂತಲೇ ಬಿಟ್ಟಿರ್ತಾರೆ, ಅದನ್ನ ತಿಳೀದೇ ಇರೋರು ನೋಡಿದ್ರೆ ವಾಲ್ವ್ ಕೆಟ್ಟೋಯ್ತು ಅಂತ ಬರ್ದುಬಿಡ್ತಾರೆ. ಆದ್ರಿಂದ ವಾಲ್ವ್ ಕಾರ್ಡ್, ಡಿಸ್ಚಾರ್ಜ್ ಸಮ್ಮರಿ, ಮೊದಲ ಎಕೋ, ಈ ಮೂರರ ಫೋಟೋ ಬೆಳಕಲ್ಲಿ ನೆಟ್ಟಗೆ ತೆಗ್ದು ಮೊಬೈಲಲ್ಲಿ ಇಟ್ಕೊಳ್ಳಿ, ಮಗನಿಗೂ ಕಳ್ಸಿ. ಬೀರು ಒಳಗೆ ಪತ್ರಗಳ ಜೊತೆ ಭದ್ರವಾಗಿ ಇಟ್ಟಿದೀನಿ ಸಾರ್ ಅಂತ ಬರೀಗೈಲಿ ಬರೋರಿಗೆ ನಾವೇನ್ ಹೇಳಣ.

ಪ್ರಶ್ನೆ: ನಮ್ಮ ಯಜಮಾನ್ರಿಗೆ ವಾಲ್ವ್ ಬದಲಾಯ್ಸಿದೆ. ಹತ್ತು ದಿನದಿಂದ ಸಂಜೆ ಹೊತ್ತು ಜ್ವರ, ಚಳಿ. ಮೊದಲ ಎಕೋ ಕ್ಲಿಯರ್ ಇದೆ ಅಂದ್ರು. ಮೆಡಿಕಲ್ ಸ್ಟೋರಿಂದ ಆಂಟಿಬಯಾಟಿಕ್ ತಂದು ಕೊಡ್ಲಾ? (ಶ್ರೀರಂಗಪಟ್ಟಣ)

ಉತ್ತರ: ದಯವಿಟ್ಟು ಬೇಡಮ್ಮ. ನಿಮ್ಮ ಕಾಗದ ಬಂದ ದಿನವೇ ಫೋನ್ ಮಾಡಿ ಹೇಳಿದೀನಿ, ಬೇರೆಯೋರಿಗೂ ಗೊತ್ತಿರ್ಲಿ ಅಂತ ಇಲ್ಲಿ ಹಾಕ್ತಿದೀನಿ. ಹಾಕಿರೋ ವಾಲ್ವ್ ಯಾವ್ದೇ ಇರ್ಲಿ, ಕಾರಣ ಕಾಣದ ಜ್ವರ ಅಂದ್ರೆ ವಾಲ್ವಿಗೆ ಇನ್‌ಫೆಕ್ಷನ್ ಆಗಿದ್ಯಾ ಅಂತ ನೋಡ್ಲೇಬೇಕು. ಮೊದ್ಲು ಬ್ಲಡ್ ಕಲ್ಚರ್, ಒಂದಲ್ಲ, ಬೇರೆ ಬೇರೆ ಜಾಗದಿಂದ ಚುಚ್ಚಿ ತೆಗ್ದ ಮೂರು, ಆಮೇಲೆ ಆಂಟಿಬಯಾಟಿಕ್. ಮೊದ್ಲೇ ಎರಡು ಮಾತ್ರೆ ನುಂಗಿಸಿದ್ರೆ ಕಲ್ಚರಲ್ಲಿ ಕ್ರಿಮಿ ಬೆಳೆಯಲ್ಲ, ಯಾವ ಔಷಧಿ ಕೊಡೋದು ಅಂತ ಕತ್ತಲಲ್ಲಿ ತಡಕಾಡ್ಬೇಕು. ಎದೆ ಮೇಲಿನ ಎಕೋ ಕ್ಲಿಯರ್ ಅಂದ್ರೆ ಇನ್‌ಫೆಕ್ಷನ್ ಇಲ್ಲ ಅಂತ ಅರ್ಥ ಅಲ್ಲ, ಹಾಕಿರೋ ವಾಲ್ವಿನ ನೆರಳಲ್ಲಿ ಸಣ್ಣ ಗಂಟು, ಪಕ್ಕದ ಕೀವು ಕಾಣೋದೇ ಇಲ್ಲ, ಟಿಇಇ ಬೇಕು. ಅದೂ ಕ್ಲಿಯರ್ ಬಂದು ಅನುಮಾನ ಹೋಗಿಲ್ಲ ಅಂದ್ರೆ ಐದರಿಂದ ಏಳು ದಿನದಲ್ಲಿ ಮತ್ತೆ ಮಾಡ್ತಾರೆ, ಆಗ ಬೈಕೋಬೇಡಿ. ಹಲ್ಲು ಕೀಳಿಸೋ ಮುಂಚೆ ವಾಲ್ವ್ ವಿಷ್ಯ ಡೆಂಟಿಸ್ಟ್‌ಗೆ ಹೇಳೋದು ಮರೀಬೇಡಿ, ಕೆಲ್ಸಕ್ಕೆ ಮುಂಚೆ ಒಂದು ಡೋಸ್ ಆಂಟಿಬಯಾಟಿಕ್ ಕೊಡ್ತಾರೆ.

ಪ್ರಶ್ನೆ: ಪದೇ ಪದೇ ಎಕೋ ಮಾಡ್ಸಿದ್ರೆ ರೇಡಿಯೇಶನ್ ಆಗಲ್ವಾ? ವರ್ಷಕ್ಕೆ ಎಷ್ಟು ಸಲ ಮಾಡ್ಸೋದು? (ಹುಣಸೂರು)

ಉತ್ತರ: ರೇಡಿಯೇಶನ್ ಇಲ್ವೇ ಇಲ್ಲ, ಬಸುರಿಯರಿಗೂ ಮಾಡ್ತೀವಿ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಲ್ಲಿ ಎಡ್ಲರ್ ಅನ್ನೋ ಡಾಕ್ಟ್ರೂ ಹರ್ಟ್ಸ್ ಅನ್ನೋ ಭೌತವಿಜ್ಞಾನಿಯೂ ಸೇರಿ ಮೊದಲ ಎಕೋ ಮಾಡಿದ್ದು, ಹಡಗು ಕಟ್ಟೋ ಜಾಗದಲ್ಲಿ ಲೋಹದ ಬಿರುಕು ಹುಡುಕೋಕೆ ಇಟ್ಟಿದ್ದ ಮಷೀನನ್ನ ಎರವಲು ತಂದು ಶುರು ಮಾಡಿದ್ರು, ಎಡ್ಲರಿಗೆ ಆಗ ಬೇಕಿದ್ದದ್ದೂ ಮೈಟ್ರಲ್ ವಾಲ್ವ್ ಎಷ್ಟು ಕೆಟ್ಟಿದೆ ಅಂತ ಆಪರೇಶನ್ನಿಗೆ ಮುಂಚೆ ತಿಳ್ಕೊಳ್ಳೋದೇ. ಎಷ್ಟು ಸಲ ಅನ್ನೋದು ವಾಲ್ವಿನ ಮೇಲೆ. ಟಾವಿ ಆದೋರಿಗೆ ವರ್ಷಕ್ಕೊಂದು. ಆಪರೇಶನ್ನಲ್ಲಿ ಹಾಕಿದ ಟಿಶ್ಯೂ ವಾಲ್ವಿಗೆ ಕೆಲವು ಡಾಕ್ಟ್ರು ವರ್ಷವರ್ಷ ಅಂತಾರೆ, ಕೆಲವರು 5ನೇ ವರ್ಷ, 10ನೇ ವರ್ಷ, ಅಲ್ಲಿಂದಾಚೆ ವರ್ಷವರ್ಷ ಅಂತಾರೆ, ಎರಡಕ್ಕೂ ಆಧಾರ ಇದೆ. ಮೆಟಲ್ ವಾಲ್ವ್ ಇದ್ದು ಆರಾಮಾಗಿದ್ರೆ, ಡಾಕ್ಟ್ರು ಸ್ಟೆಥೋಸ್ಕೋಪ್ ಇಟ್ಟಾಗ ಸದ್ದೂ ಸರಿ ಇದ್ರೆ, ವರ್ಷವರ್ಷ ಎಕೋ ಬೇಕೇಬೇಕು ಅಂತಿಲ್ಲ, ಆ ದುಡ್ಡನ್ನ ಐಎನ್‌ಆರ್ ಟೆಸ್ಟಿಗೆ ಹಾಕಿ.

ಪ್ರಶ್ನೆ: ಮುಂದಿನ ವಾರ ನನ್ಗೆ ಟಿಇಇ ಬರ್ದವ್ರೆ. ಭಯ ಆಯ್ತದೆ. ಬೆಳಿಗ್ಗೆ ಕಾಫಿ ಕುಡೀಬಹುದಾ, ಅಸಿಟ್ರೋಮ್ ನಿಲ್ಲಿಸ್ಬೇಕಾ? (ಮಳವಳ್ಳಿ)

ಉತ್ತರ: ಕಾಫಿ ಇಲ್ಲ. ಸಾಮಾನ್ಯವಾಗಿ ಆರು ಗಂಟೆ ಖಾಲಿ ಹೊಟ್ಟೆ, ಬಿಪಿ ಮಾತ್ರೆ ಇದ್ರೆ ಒಂದು ಗುಟುಕು ನೀರಲ್ಲಿ ನುಂಗಿ, ಶುಗರ್ ಮಾತ್ರೆ ಇನ್ಸುಲಿನ್ ಏನ್ ಮಾಡೋದು ಅಂತ ಮುಂಚಿನ ದಿನವೇ ಕೇಳ್ಕೊಳ್ಳಿ. ಅಸಿಟ್ರೋಮ್ ಸಾಧಾರಣವಾಗಿ ನಿಲ್ಲಿಸೋದಿಲ್ಲ, ನೀವಾಗೇ ಅಂತೂ ನಿಲ್ಲಿಸ್ಲೇಬೇಡಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ರೆ ಮನೇಲೇ ತೆಗ್ದಿಟ್ಟು ಹೋಗಿ. ಊಟ ನುಂಗುವಾಗ ಗಂಟಲಲ್ಲಿ ಸಿಕ್ಕಂಗಾಗುತ್ತೆ ಅಂತಿದ್ರೆ, ಮುಂಚೆ ಅನ್ನನಾಳಕ್ಕೆ ಏನಾದ್ರೂ ಆಗಿದ್ರೆ ಅದನ್ನ ಪೈಪ್ ಹಾಕೋ ಮುಂಚೆಯೇ ಹೇಳ್ಬೇಕು, ಇದು ಮುಖ್ಯ. ಗಂಟಲಿಗೆ ಕಹಿ ಸ್ಪ್ರೇ ಹೊಡೆದು ಮರಗಟ್ಟಿಸ್ತಾರೆ, ನಿದ್ದೆಮಂಪರು ಬರೋ ಇಂಜೆಕ್ಷನ್ ಕೊಡ್ತಾರೆ, ಎಡಮಗ್ಗುಲಿಗೆ ಮಲಗ್ಸಿ ನುಂಗಿ ನುಂಗಿ ಅಂತಾರೆ, ಆ ಅರ್ಧ ನಿಮಿಷ ವಾಕರಿಕೆ ಬರುತ್ತೆ, ಅದಾದ್ಮೇಲೆ ಮೂಗಲ್ಲಿ ಉಸಿರಾಡ್ತಾ ಸುಮ್ನೆ ಮಲಗಿದ್ರಾಯ್ತು. ಉಸಿರು ನಿಲ್ಲಲ್ಲ, ಪೈಪ್ ಹೋಗೋದು ಅನ್ನದ ದಾರೀಲಿ. ಮುಗಿದ್ಮೇಲೆ ಗಂಟಲ ಮರಗಟ್ಟು ಬಿಡೋ ತನಕ, ಒಂದೆರಡು ಗಂಟೆ, ನೀರೂ ಬೇಡ, ಶ್ವಾಸಕೋಶಕ್ಕೆ ಹೋಗ್ಬಿಡುತ್ತೆ. ಆಮೇಲೂ ಎದೆನೋವು, ಜ್ವರ, ರಕ್ತ ವಾಂತಿ ಏನಾದ್ರೂ ಆದ್ರೆ ವಾಪಸ್ ಹೋಗಿ, ಅಪರೂಪಕ್ಕೆ ಅನ್ನನಾಳಕ್ಕೆ ಪೆಟ್ಟಾಗೋದುಂಟು. ಮಂಪರು ಇಂಜೆಕ್ಷನ್ ಕೊಟ್ಟಿರೋದ್ರಿಂದ ಆ ದಿನ ನೀವೇ ಬೈಕ್ ಓಡಿಸ್ಕೊಂಡು ಮಳವಳ್ಳಿಗೆ ಬರ್ಬೇಡಿ, ಮನೆಯೋರು ಯಾರಾದ್ರೂ ಜೊತೇಲಿ ಇರ್ಲಿ.